ನಿಂತಿದ್ದ ಬಸ್ಸು

ಎರಡು ಸಾವಿರದ ಐದೋ ಆರೋ ಇಸವಿ ಇರಬೇಕು. ನಾನಾಗ ನರಸಿಂಹರಾಜಪುರದಿಂದ ದಿನಾ ಕೊಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಹೊಸ ಕೆಲಸ. ಅಲ್ಲಿನ ಹಿರಿಯ ಮೇಷ್ಟ್ರು ನನಗೂ ಪಾಠ ಹೇಳಿದವರು. ಅವರೂ ಅದೇ ಬಸ್ಸಿಗೆ ಬರುತ್ತಿದ್ದರು. ಎರಡು ವಸ್ತು ಡಿಕ್ಕಿ ಹೊಡೆದರೆ ಅವುಗಳ ಒಟ್ಟು ಸಂವೇಗ, ಅಂದರೆ ಮೊಮೆಂಟಮ್, ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ ಎಂದು ಅವರು ಕಲಿಸಿದ ರೀತಿಗೆ ಮಾರುಹೋಗಿಯೇ ನಾನು ಈ ವಿಷಯ ಓದಿದ್ದು.

ಒಂದು ಬೆಳಿಗ್ಗೆ, ಮುಂದಿದ್ದ ಬಸ್ಸನ್ನು ಹಿಂದೆ ಹಾಕುವ ಹಟದಲ್ಲಿ ನಮ್ಮ ಡ್ರೈವರು ಏರುರಸ್ತೆಯ ತಿರುವಿನಲ್ಲಿ ಬಲಕ್ಕೆ ನುಗ್ಗಿಸಿದ. ಎದುರಿನಿಂದ ಇಳಿದು ಬರುತ್ತಿದ್ದ ಬಾಡಿಗೆ ಜೀಪಿಗೆ ಬಸ್ಸು ಗುದ್ದಿತು. ಜೀಪು ಬಂದ ದಾರಿಯಲ್ಲೇ ಹಿಂದಕ್ಕೆ, ಏರಿನ ಮೇಲಕ್ಕೆ ಉಜ್ಜಿಕೊಂಡು ಹೋಗಿ ಚರಂಡಿಗೆ ಬಿತ್ತು. ನನ್ನ ಹಿಂದೆ ಕೂತಿದ್ದ ಮೇಷ್ಟ್ರ ಬಾಯಲ್ಲಿದ್ದ ಎಲೆಅಡಿಕೆಯೆಲ್ಲ ನನ್ನ ಕುತ್ತಿಗೆಗೆ ಸಿಡಿಯಿತು. ಬೆಚ್ಚಗಿನ ಎಂಜಲು ಬೆನ್ನಿಗಿಳಿದು ವಾಕರಿಕೆ ಬಂತು. ಕೆಂಪು ಕಂಡು ಯಾರೋ "ರಕ್ತ, ರಕ್ತ" ಎಂದು ಕೂಗಿದರು. ರಕ್ತ ಇದ್ದದ್ದು ಜೀಪಿನಲ್ಲಿ. ಅದರ ಡ್ರೈವರಿನ ಕೈ ಮುರಿದಿತ್ತು.

ಅವನನ್ನು ಆಸ್ಪತ್ರೆಗೆ ಕಳಿಸುವ ಮೊದಲೇ ಕಂಡಕ್ಟರು ಸೀಟಿನಿಂದ ಸೀಟಿಗೆ ಬಂದ.

"ಬಸ್ಸು ನಿಂತಿತ್ತು ಅನ್ನಿ ಮಾರಾಯ್ರೆ. ಜೀಪೇ ಬಂದು ಗುದ್ದಿದ್ದು."

ಪೊಲೀಸರು ಬಂದಾಗ ಎಲ್ಲರೂ ಹಾಗೇ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಬಸ್ಸು ನಿಂತಿದ್ರೆ, ಇಳೀತಾ ಬಂದ ಜೀಪು ಏರಿನಲ್ಲಿ ಇಷ್ಟು ದೂರ ಹಿಂದೆ ಹೋಗ್ತಿತ್ತಾ? ಬಸ್ಸೇ ದೂಡಿದ್ದು. ಟೈರಿನ ಗುರುತು ನೋಡಿ. ಬೇಕಾದ್ರೆ ಸರ್‌ನ ಕೇಳಿ, ನನಗೆ ಕಲಿಸಿದವರೇ ಅವರು."

ಮೇಷ್ಟ್ರು ಕರವಸ್ತ್ರದಿಂದ ತುಟಿ ಒರೆಸಿಕೊಂಡು, "ಬಸ್ಸು ನಿಂತಿತ್ತು" ಎಂದರು.

ಪೊಲೀಸಿನವರು ನಕ್ಕರು. "ಪಾಠ ಕಾಲೇಜಲ್ಲಿ ಮಾಡಿ ಮೇಡಂ."

ಮೇಷ್ಟ್ರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನಾಳೆನೂ ಇದೇ ಬಸ್ಸಿಗೆ ಬರೋದಲ್ವ ನಾವು? ನಿಂಗೆ ಎಂತಕ್ಕೆ ಬೇಕು ಇದೆಲ್ಲ?"

"ಅವನ ಕೈ ಮುರಿದಿದೆ ಸರ್."

"ವಾಸಿ ಆಗ್ತದೆ ಬಿಡು."

ಅವರ ಬಾಯಿಯ ವಾಸನೆಗೋ ಆ ಮಾತಿಗೋ, ರಸ್ತೆ ಬದಿಗೆ ಹೋಗಿ ವಾಂತಿ ಮಾಡಿದೆ. ಯಾರೋ ನೀರು ತಂದುಕೊಟ್ಟು, ಹೆದರಿಬಿಟ್ಟಿದಾಳೆ ಪಾಪ ಎಂದರು. ಹೆದರಿಕೆಯಲ್ಲ ಅದು, ಹೇಸಿಗೆ.

ಕೆಲವು ವಾರಗಳ ನಂತರ ಜೀಪಿನವನು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಕಾಲೇಜಿಗೆ ಬಂದ. "ರಾಜಿ ಮಾಡ್ಕೊಂಡೆ ಮೇಡಂ. ತಪ್ಪು ನಂದೇ ಅಂತ ಬರ್ಕೊಟ್ಟೆ. ನಾನೂ ಇದೇ ರಸ್ತೇಲಿ ಓಡಿಸ್ಬೇಕಲ್ಲ. ನೀವು ಹೇಳಿದ್ದು ಹೌದು, ಆದ್ರೆ ನೀವೊಬ್ರೇ ಆಗಿಬಿಟ್ರಿ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮೇಷ್ಟ್ರು ನಿವೃತ್ತರಾಗುವವರೆಗೂ ನಾವಿಬ್ಬರೂ ಅದೇ ಬಸ್ಸಿನಲ್ಲಿ ಓಡಾಡಿದೆವು. ಪಕ್ಕದ ಸೀಟು ಖಾಲಿಯಿದ್ದರೆ ಅವರು ಏನೂ ಆಗದವರ ಹಾಗೆ "ಬಾ, ಕೂತ್ಕೋ" ಎಂದು ಕರೆಯುತ್ತಿದ್ದರು. ನಾನು ಕೊಪ್ಪದವರೆಗೂ ಕಂಬಿ ಹಿಡಿದು ನಿಂತಿರುತ್ತಿದ್ದೆ.