ಐದು ಚಿಲಕದ ಬಾಗಿಲು

ನನಗೆ ಮೂಗಿನ ತುದಿಯಲ್ಲೇ ಕೋಪ. ವಯಸ್ಸಾದ ಮೇಲೆ ಸ್ವಲ್ಪ ತಗ್ಗಿದೆ ಎಂದು ಮನೆಯವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಗ, ನನ್ನನ್ನು ಕೋಲಾರ ಜಿಲ್ಲೆಯ ಬಸ್ಸುಗಳಲ್ಲಿ ಊರೂರು ಅಲೆಸಿದ್ದು ಆ ಕೋಪವೇ.

ಕ್ಲಾಸಿನಲ್ಲಿ ಉಳಿದವರೆಲ್ಲ ಪ್ರಬಂಧಕ್ಕೆ ದೇವಸ್ಥಾನ, ಕೋಟೆ, ಶಾಸನ ಎಂದು ದೊಡ್ಡ ದೊಡ್ಡದನ್ನೇ ಆರಿಸಿಕೊಂಡರು. ನಾನು ಶ್ರೀನಿವಾಸಪುರದವಳು, ನಮ್ಮ ಕಡೆಯ ಹಳೆಯ ಮನೆಗಳ ಬಾಗಿಲುವಾಡಗಳನ್ನು ಆರಿಸಿಕೊಂಡೆ. ತೇಗದ ಚೌಕಟ್ಟಿನ ತುಂಬ ಬಳ್ಳಿ, ಹೂವು, ಹಕ್ಕಿ, ನಡುವೆ ಲಕ್ಷ್ಮಿ. ಕೋಲಾರದಲ್ಲಿ, ಮಾಲೂರಿನಲ್ಲಿ, ಸುಗಟೂರಿನಲ್ಲಿ ಅಂಥ ಬಾಗಿಲುಗಳು ಹತ್ತಾರು ಇದ್ದವು. ಅವುಗಳ ಕೆಳಗೇ ಓಡಾಡಿ ಬೆಳೆದವರಿಗೆ ಅವು ಕಾಣುತ್ತಲೂ ಇರಲಿಲ್ಲ.

ನನ್ನ ಮಾರ್ಗದರ್ಶಕರು ಮೈಸೂರಿನ ಮೇಷ್ಟ್ರು. ಒಳ್ಳೆಯವರು, ಆದರೆ ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನದವರಲ್ಲ. ನಾನು ಬರೆದುಕೊಂಡು ಹೋದ ಚಿತ್ರಗಳನ್ನೆಲ್ಲ ನೋಡಿ, ಕನ್ನಡಕ ಮೇಲಕ್ಕೇರಿಸಿ ಹೇಳಿದರು: "ಕೆಲಸ ಚೆನ್ನಾಗಿದೆಯಮ್ಮ. ಆದರೆ ಇದು ನಿಮ್ಮ ಕಡೆಯವರು ಮಾಡಿದ್ದಲ್ಲ. ಅಲ್ಲಿ ತೇಗ ಬೆಳೆಯಲ್ಲ, ಇಂಥ ಕೈಯೂ ಇರಲಿಲ್ಲ. ಉಳ್ಳವರು ಮದ್ರಾಸಿನಿಂದ ತರಿಸಿಕೊಂಡಿರ್ತಾರೆ. ಹಾಗಂತ ಬರಿ."

ಮೈಯೆಲ್ಲ ಉರಿದುಹೋಯಿತು. ನಮ್ಮವರಿಗೆ ಕೈಯೇ ಇಲ್ಲವಂತೆ. ಆ ವಾರವೇ ರಜಾ ಹಾಕಿ ಊರಿಗೆ ಹೊರಟೆ, ಬಡಗಿಗಳನ್ನು ಕೇಳುತ್ತ ಕೇಳುತ್ತ ಮುಳಬಾಗಿಲಿನಲ್ಲಿ ಒಬ್ಬ ವಯಸ್ಸಾದ ಆಚಾರಿಯ ಮನೆ ಮುಟ್ಟಿದೆ. ಅವರು ಜಗಲಿಯ ಮೇಲೆ ಕೂತು ನೇಗಿಲಿಗೆ ಹಿಡಿ ಮಾಡುತ್ತಿದ್ದರು.

"ಬಾಗ್ಲು ಕೇಳ್ಕೊಂಡು ಬಂದ್ಯಾ? ಸರಿಯಾದ ಊರಿಗೇ ಬಂದಿದೀಯ ಬಿಡು, ನಮ್ಮೂರ ಹೆಸ್ರಲ್ಲೇ ಬಾಗ್ಲೈತೆ" ಎಂದು ನಕ್ಕರು. ಆಮೇಲೆ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದನೆಯ ಪುಸ್ತಕವೊಂದನ್ನು ತಂದರು. ಅವರ ತಾತ, ಅಂದರೆ ಆ ಕಾಲದ ದೊಡ್ಡ ಆಚಾರಿ, ತಾನು ಮಾಡಿದ ಬಾಗಿಲುಗಳ ಅಳತೆಯನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದ ಪುಸ್ತಕ. ಊರು, ಮನೆ, ಎತ್ತರ ಇಷ್ಟು ಮೊಳ, ಅಗಲ ಇಷ್ಟು ಗೇಣು, ಚಿಲಕ ಇಷ್ಟು. ಸುಗಟೂರು, ಚಿಲಕ ಎರಡು. ಮಾಲೂರು, ಚಿಲಕ ನಾಲ್ಕು. ಟೇಕಲ್, ಚಿಲಕ ಐದು. ನಾನು ಚಿತ್ರ ಬರೆದುಕೊಂಡಿದ್ದ ಮನೆಗಳೇ ಅವು.

"ತಗೊಂಡೋಗಮ್ಮ" ಎಂದರು ಆಚಾರಿ. "ಆದ್ರೆ ನಮ್ ತಾತನ ಹೆಸ್ರು ನಿನ್ ಬರವಣಿಗೇಲಿ ಬರ್ಬೇಕು. ಬಾಗ್ಲು ಮಾಡಿಸ್ದೋರ ಹೆಸ್ರು ಊರಿಗೆಲ್ಲ ಗೊತ್ತು. ಮಾಡ್ದೋನ ಹೆಸ್ರು ಇದುವರ್ಗೂ ಯಾರೂ ಕೇಳಿಲ್ಲ."

ಬರುತ್ತದೆ ತಾತ, ಇದು ನನ್ನ ಮಾತು ಎಂದು ಹೇಳಿ ಬಂದೆ.

ಆ ಮಾತು ಮೇಷ್ಟ್ರ ಮೇಜಿನ ಮುಂದೆ ಅರ್ಧ ಗಂಟೆಯೂ ನಿಲ್ಲಲಿಲ್ಲ. ಅವರು ಪುಸ್ತಕವನ್ನೂ ಅದರ ಮೇಲೆ ನಾನು ಬರೆದ ಅಧ್ಯಾಯವನ್ನೂ ಓದಿದರು, ನನ್ನ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡರು. "ಸುಗಟೂರಿನ ಬಾಗಿಲಿಗೆ ನೀನೇ ಒಂದು ಚಿಲಕ ಬರೆದಿದೀಯ, ಇಲ್ಲಿ ಎರಡು ಅಂತಿದೆ. ಮಾಲೂರಿಂದೂ ಒಂದೇ. ಟೇಕಲ್ಲಿನ ಮನೆ ಬಾಗಿಲಿಗೆ ಐದು ಚಿಲಕ ಯಾರಮ್ಮ ಇಡ್ತಾರೆ, ಅದೇನು ಖಜಾನೆಯೇ?" ಹಳೆಯ ಚಿಲಕ ಕಿತ್ತಿರಬಹುದು ಎಂದೆ. "ಕಿತ್ತ ಗುರುತೆಲ್ಲಿ?" ಎಂದರು. ಗುರುತು ಇರಲಿಲ್ಲ. ಈ ಪುಸ್ತಕ ಬೇರೆ ಯಾವುದೋ ಬಾಗಿಲುಗಳದು, ಈ ಅಧ್ಯಾಯ ತೆಗೆದುಹಾಕು, ಹದಿನೈದು ದಿನ ಕೊಡುತ್ತೇನೆ ಎಂದು ಕೆಂಪು ಪೆನ್ಸಿಲಿನಲ್ಲಿ ಪುಟದ ಉದ್ದಕ್ಕೂ ಗೀಟು ಎಳೆದರು.

ಊರಿಗೆ ಬಂದು ಎರಡು ದಿನ ಮನೆಯವರ ಮೇಲೆಲ್ಲ ರೇಗಾಡಿದೆ. ಮೇಷ್ಟ್ರ ಮೇಲೆ ಸಿಟ್ಟು, ಅವರು ಹೇಳಿದ್ದು ಸರಿಯಿದೆಯಲ್ಲ ಎಂದು ಇನ್ನೂ ಸಿಟ್ಟು. ಮುಳಬಾಗಿಲಿಗೆ ಹೋಗಿ ಆ ಮುದುಕರಿಗೆ ಏನೆಂದು ಮುಖ ತೋರಿಸಲಿ? ಮಾವಿನ ಕಾಲ. ನಡುಮನೆಯಲ್ಲಿ ಅಮ್ಮ ತೋಟದಿಂದ ಬಂದ ಹಣ್ಣನ್ನು ಹರವಿಕೊಂಡು ಕೂತಿದ್ದಳು. ನಮ್ಮ ಮನೆಯಲ್ಲಿ ಆಡುವುದು ತೆಲುಗು, ಓದುವುದು ಬರೆಯುವುದು ಕನ್ನಡ. ನನ್ನ ಊದಿದ ಮುಖ ನೋಡಲಾರದೆ ಒಂದು ಹಣ್ಣನ್ನು ನನ್ನ ಕಡೆ ಉರುಳಿಸಿ ಅಮ್ಮ ಹೇಳಿದಳು: "ಚಿಲಕ ಕೊಟ್ಟಿಂದಿ ತೀಸ್ಕೋವೇ, ಅದೇ ತೀಪಿ."

ಗಿಳಿ ಕಚ್ಚಿದ್ದನ್ನು ತಗೊಳ್ಳೇ, ಅದೇ ಸಿಹಿ.

ಹಣ್ಣು ಬಾಯಿಯ ಹತ್ತಿರಕ್ಕೆ ಹೋಗಿದ್ದು ಅಲ್ಲೇ ನಿಂತಿತು. ಚಿಲಕ. ತೆಲುಗಿನಲ್ಲಿ ಗಿಳಿ. ಹುಟ್ಟಿದಾಗಿನಿಂದ ಆಡಿದ ಮಾತು, ಎಂ.ಎ. ಓದುತ್ತಿದ್ದೇನೆಂಬ ಜಂಬದಲ್ಲಿ ಕನ್ನಡದ ಅಕ್ಷರ ಕಂಡ ಕೂಡಲೇ ಅಗುಳಿ ಎಂದು ಓದಿಕೊಂಡುಬಿಟ್ಟಿದ್ದೆ. ನನ್ನ ಪೆದ್ದುತನಕ್ಕೆ ನಾನೇ ತಲೆ ಚಚ್ಚಿಕೊಂಡೆ. ಅಮ್ಮ ಗಾಬರಿಯಾದಳು. ಅವಳನ್ನು ತಬ್ಬಿಕೊಂಡು ರಸದ ಕೈಯನ್ನು ಅವಳ ಸೀರೆಗೇ ಒರೆಸಿ ಬೈಸಿಕೊಂಡೆ.

ಮಾರನೆಯ ದಿನ ಮೊದಲ ಬಸ್ಸಿಗೆ ಮುಳಬಾಗಿಲು. ಆಚಾರಿ ನನ್ನ ಕಥೆ ಕೇಳಿ ಉಳಿ ಕೆಳಗಿಟ್ಟು ನಗತೊಡಗಿದರು.

"ಅಲ್ಲಮ್ಮ, ಬಾಗ್ಲಿಗೆ ಹಾಕೋ ಚಿಲಕ ಮಾಡೋನು ಕಮ್ಮಾರ. ಬಡಗಿ ಅದನ್ನ ಯಾಕೆ ಲೆಕ್ಕ ಇಡ್ತಾನೆ? ಗಿಳಿ ಕೆತ್ತೋದ್ರಲ್ಲಿ ದಿನ ಹೋಗ್ತದೆ ನೋಡು, ಅದಕ್ಕೆ ಬರ್ಕೊಂಡವ್ನೆ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ ತಾತ?"

"ನೀನು ಶ್ರೀನಿವಾಸ್ಪುರದೋಳು, ನಮ್ಮಂಗೇ ತೆಲುಗು ಮನೆಯೋಳು. ಗಿಳೀನೇ ಗೊತ್ತಿಲ್ಲ ಅಂತ ನಂಗೇನ್ ಗೊತ್ತು?"

ಅಲ್ಲಿಂದ ಒಂದು ವಾರ ನಾನು ನೆಲದ ಮೇಲೆ ಕಾಲಿಡಲಿಲ್ಲ. ಸುಗಟೂರಿನಲ್ಲಿ ಎರಡು ಗಿಳಿ. ಮಾಲೂರಿನಲ್ಲಿ ನಾಲ್ಕು, ಒಂದರ ಮೇಲೆ ಸುಣ್ಣ ಮೆತ್ತಿತ್ತು, ಉಗುರಿನಲ್ಲಿ ಕೆರೆದು ಕಂಡುಕೊಂಡೆ. ಕೋಲಾರದ ಮನೆಯಲ್ಲಿ ಪುಸ್ತಕ ಹೇಳಿದಂತೆ ಆರು. ಆದರೆ ಟೇಕಲ್? ನನ್ನದೇ ಚಿತ್ರದಲ್ಲಿ ಅಲ್ಲಿ ಇದ್ದದ್ದು ನಾಲ್ಕೇ.

ಮೇಷ್ಟ್ರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವರ ಬೆರಳು ನೆಟ್ಟಗೆ ಟೇಕಲ್ಲಿಗೇ ಹೋಗಿ ನಿಂತಿತು. "ಗಿಳಿ ಯಾವಾಗಲೂ ಜೋಡಿ, ಆ ಕಡೆಯೊಂದು ಈ ಕಡೆಯೊಂದು. ಐದು ಹೇಗಾಗತ್ತೆ? ಬಾ, ನಾನೂ ನೋಡ್ತೀನಿ. ಐದನೇದು ತೋರಿಸಿದರೆ ಅಧ್ಯಾಯ ಇರಲಿ. ಇಲ್ಲದಿದ್ದರೆ ಇಲ್ಲ." ನನ್ನ ಹದಿನೈದು ದಿನದಲ್ಲಿ ಉಳಿದದ್ದು ಮೂರು.

ಪ್ಯಾಸೆಂಜರ್ ರೈಲಿನಲ್ಲಿ ಇಬ್ಬರೂ ಟೇಕಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಅವರು ಪೇಪರ್ ಓದಿದರು, ನಾನು ಮನಸ್ಸಿನಲ್ಲೇ ಇದ್ದಬದ್ದ ದೇವರಿಗೆಲ್ಲ ಕೈಮುಗಿದೆ. ಬಾಗಿಲ ಮುಂದೆ ನಿಂತು ಮೇಷ್ಟ್ರು ಎಣಿಸಿದರು. ಮೇಲೆ ಎರಡು, ಕೆಳಗೆ ಎರಡು. ಮತ್ತೆ ಎಣಿಸಿದರು. ನನ್ನ ಕಡೆ ತಿರುಗಲಿಲ್ಲ, ಅದಕ್ಕಾಗಿ ಇವತ್ತಿಗೂ ಅವರಿಗೆ ಋಣಿ.

ಒಳಗಿನಿಂದ ಮನೆಯ ಅಜ್ಜಿ ಮೊರ ಹಿಡಿದುಕೊಂಡು ಬಂದರು. "ಏನ್ ಎಣಿಸ್ತಿದೀರಪ್ಪ?"

"ಗಿಳಿ, ಅಜ್ಜಿ" ಎಂದೆ. "ಐದು ಇರಬೇಕಿತ್ತು."

"ಐದೇ ಇರೋದು. ಇನ್ನೊಂದು ಒಳಗಡೆ. ಬಾಗ್ಲು ಹಾಕಿ, ಕಾಣ್ತದೆ."

ಹಗಲೆಲ್ಲ ತೆರೆದೇ ಇರುವ ಬಾಗಿಲು ಅದು. ಮೇಷ್ಟ್ರು ಒಳಗೆ ಬಂದು ತಾವೇ ಎರಡೂ ಕದ ಎಳೆದು ಮುಚ್ಚಿದರು, ಚಿಲಕ ಹಾಕಿದರು. ಅಷ್ಟು ದಿನ ಕದದ ಹಿಂದೆ ಮರೆಯಾಗಿದ್ದ ಚೌಕಟ್ಟಿನ ಒಳಮೈ ಬಯಲಾಯಿತು. ಮೊಣಕಾಲೆತ್ತರದಲ್ಲಿ, ಬೆಳಕಿಂಡಿಯ ಬಿಸಿಲಿನಲ್ಲಿ, ಒಂಟಿ ಗಿಳಿ. ಕೊಕ್ಕು ಸವೆದು ನುಣ್ಣಗಾಗಿತ್ತು.

"ಮನೇಲಿ ಅಂಬೆಗಾಲಿಕ್ಕೋ ಮಕ್ಳಿದ್ರೆ ಬಾಗ್ಲು ಹಾಕೇ ಇರ್ತದೆ, ಅವ್ರಿಗೆ ಅಂತ ಇಟ್ಟವ್ರೆ" ಎಂದರು ಅಜ್ಜಿ. "ಈ ಮನೇಲಿ ಹುಟ್ದೋರೆಲ್ಲ ಅದನ್ನ ಹಿಡ್ಕೊಂಡೇ ಎದ್ದು ನಿಂತಿರೋದು."

ಮೇಷ್ಟ್ರು ಇಸ್ತ್ರಿ ಪಂಚೆಯಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ಆ ಗಿಳಿಯ ಮೇಲೆ ಬೆರಳಾಡಿಸಿದರು. "ಇದು ಮದ್ರಾಸಿನಿಂದ ಬಂದ ಬಾಗಿಲಲ್ಲ. ಈ ಮನೆಯಲ್ಲಿ ಮಗು ಇದೆ ಅಂತ ತಿಳಿದವನು ಮಾಡಿದ್ದು" ಎಂದರು. ಆಮೇಲೆ, "ನಾನು ತಪ್ಪು ಹೇಳ್ದೆ ಕಣಮ್ಮ" ಎಂದರು. ನನಗೆ ಕುಣಿಯಬೇಕೆನಿಸಿತು. ಅಜ್ಜಿ ಕೊಟ್ಟ ಮಜ್ಜಿಗೆಯನ್ನು ಎರಡು ಲೋಟ ಕುಡಿದೆ.

ಪ್ರಬಂಧ ಟೈಪಾಗಿ, ಬೈಂಡಾಗಿ, ಮೊದಲ ದರ್ಜೆಯಲ್ಲಿ ಪಾಸಾಯಿತು. ನನ್ನ ಪ್ರತಿಯನ್ನು ಎದೆಗವಚಿಕೊಂಡು ಮುಳಬಾಗಿಲಿಗೆ ಹೋದೆ. ಆಚಾರಿ ಬರಿ ಮೈಯಲ್ಲಿ, ಮೈಮೇಲೆಲ್ಲ ಮರದ ಹೊಟ್ಟು ಮೆತ್ತಿಕೊಂಡು ಕೆಲಸ ಮಾಡುತ್ತಿದ್ದರು. ನಿಮ್ಮ ತಾತನ ಹೆಸರು ಬಂದಿದೆ, ಓದುತ್ತೇನೆ ಕೇಳಿ ಎಂದೆ.

"ತಡಿಯಮ್ಮ" ಎಂದರು. ಎದ್ದು ಹಿತ್ತಲಿಗೆ ಹೋಗಿ ಕೈಕಾಲು ಮುಖ ತೊಳೆದುಕೊಂಡು ಬಂದರು. ಒಳಗಿನಿಂದ ಮಡಿಸಿಟ್ಟ ಬಿಳಿ ಅಂಗಿ ತಂದು ತೊಟ್ಟು ಗುಂಡಿಗಳನ್ನೆಲ್ಲ ಹಾಕಿದರು. ಆಮೇಲೆ ನನ್ನೆದುರು ಕೂತು, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡರು.

"ಈಗ ಓದು" ಎಂದರು.