ವರಾಂಡದ ಮೇಲೆ ಬರೆದ ಮೆಮೊರಿ

ನಾನು ಕಮಲಾಪುರದ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಕಲಬುರಗಿಯ ಖೂಬಾ ಪ್ಲಾಟಿನಿಂದ ದಿನಾ ಬಸ್ಸಿನ ಓಡಾಟ. ಒಂದು ವರ್ಷ, ಪಾಯಿಂಟರ್ ಪಾಠ ಶುರುವಾಗುವ ಮುಂಚೆ ವಿಭಾಗದ ಮುಖ್ಯಸ್ಥರು ಕರೆಸಿದರು.

"ಮೇಡಂ, ಮೆಮೊರಿ ಗಿಮೊರಿ ಅಂತ ಒಳಗ ಇಳೀಬ್ಯಾಡ್ರಿ. ಎಲ್ಲಾ ಕನ್ನಡ ಮೀಡಿಯಂ ಹುಡುಗ್ರು. ನಾಕು ಪ್ರೋಗ್ರಾಂ ಬಾಯಿಪಾಠ ಮಾಡಸ್ರಿ, ಸಾಕು."

ನಾನೂ ಕನ್ನಡ ಮೀಡಿಯಂನವಳೇ. ಯಂತ್ರದೊಳಗೆ ಏನಾಗುತ್ತದೆ ಎಂದು ಕೇಳಿದಾಗಲೆಲ್ಲ "ಅದು ಹಂಗೇ ಬರ್ತದ, ಬರಕೋ" ಎಂಬ ಉತ್ತರ ನುಂಗಿಕೊಂಡೇ ಪದವಿ ಮುಗಿಸಿದ್ದೆ. ಮೈ ಉರಿಯಿತು.

"ಇಲ್ರೀ ಸರ್, ಕಲಸೇ ಕಲಸ್ತೀನಿ" ಎಂದು ಹೊರಬಿದ್ದೆ.

ಮರುದಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಮೇಡಂ, ಪ್ರೋಗ್ರಾಮಿನ ಒಂದು ಫಂಕ್ಷನ್ನಿನಾಗ ಐದನ್ನ ಹತ್ತು ಮಾಡೀನಿ. ಹೊರಗ ಬಂದು ನೋಡಿದ್ರ ಮತ್ತ ಐದೇ ಅದ. ಯಾಕ್ರೀ?"

ಎಲ್ಲರನ್ನೂ ವರಾಂಡಕ್ಕೆ ಕರೆದೊಯ್ದು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಚೌಕಗಳನ್ನು ಎಳೆದೆ. ಪ್ರತಿ ಚೌಕಕ್ಕೂ ಒಂದು ನಂಬರ್, ಮೆಮೊರಿಯ ಒಂದೊಂದು ಜಾಗಕ್ಕೂ ವಿಳಾಸವಿದ್ದ ಹಾಗೆ. ಆ ಹುಡುಗಿಯ ಕೈಗೆ 'ಐದು' ಎಂದು ಬರೆದ ಹಾಳೆ ಕೊಟ್ಟು ಒಂದರಲ್ಲಿ ನಿಲ್ಲಿಸಿದೆ. ಅದರ ನಕಲನ್ನು ದೂರದ ಚೌಕದಲ್ಲಿದ್ದ ಅವಳ ಗೆಳತಿಗೆ ಕೊಟ್ಟೆ. ಗೆಳತಿ ಐದನ್ನು ಹೊಡೆದುಹಾಕಿ ಹತ್ತು ಬರೆದಳು.

"ಈಗ ನಿನ್ನ ಹಾಳ್ಯಾಗ ಏನದ?"

"ಐದೇ ಅದರೀ..." ಎಂದವಳು ತಟ್ಟನೆ ಕೂಗಿದಳು, "ಆಕಿ ತಿದ್ದಿದ್ದು ನಕಲು!"

ಈ ಸಲ ಗೆಳತಿಗೆ ಹಾಳೆ ಕೊಡಲಿಲ್ಲ, ಮೊದಲ ಹುಡುಗಿಯ ಚೌಕದ ನಂಬರ್ ಅಷ್ಟೇ ಹೇಳಿದೆ; ಪಾಯಿಂಟರ್ ಹಿಡಿದಿಡುವುದೂ ಇಂಥ ನಂಬರನ್ನೇ. ಅವಳು ಹುಡುಕುತ್ತ ಹೋಗಿ ಮೂಲ ಹಾಳೆಯಲ್ಲೇ ಹತ್ತು ಬರೆದಳು. ವರಾಂಡದ ತುಂಬ ಗದ್ದಲ.

ಮುಖ್ಯಸ್ಥರು ಹೊರಗೆ ಬಂದರು. "ಏನ್ ಆಟ ಹಚ್ಚೀರಿ ಮೇಡಂ? ನಾಳೆ ರಿಸಲ್ಟ್ ಬಿದ್ರ?"

"ನನ್ನ ತಲೀಮ್ಯಾಲ ಹಾಕ್ರಿ ಸರ್. ನಾ ನಿಲ್ಲಸಂಗಿಲ್ಲ."

 ಹುಡುಗರಲ್ಲಿ ಒಬ್ಬರೂ ವರಾಂಡ ಬಿಟ್ಟು ಕದಲಲಿಲ್ಲ.

ರಿಸಲ್ಟ್ ಏರಲಿಲ್ಲ, ಇಳಿಯಲೂ ಇಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಆ ವಿಷಯ ನನ್ನಿಂದ ಕಿತ್ತು ಟೈಪಿಂಗ್ ಲ್ಯಾಬ್ ಕೊಟ್ಟರು. ಆದರೂ ಹುಡುಗರು ಊಟದ ಬಿಡುವಿನಲ್ಲಿ ಬುತ್ತಿ ಹಿಡಿದೇ ನನ್ನ ಹತ್ತಿರ ಪಾಠಕ್ಕೆ ಬರತೊಡಗಿದರು. ಮುಖ್ಯಸ್ಥರು ವರಾಂಡ ಬೇಡವೆಂದರು, ಮೈದಾನದ ಮಣ್ಣಿನಲ್ಲಿ ಕೂತೆವು.

"ಪ್ರೋಗ್ರಾಂ ಬೇಡಿ ತೊಗೊಂಡ ಮೆಮೊರಿ ಜಾಗ ವಾಪಸ್ ಕೊಡಲಿಲ್ಲಂದ್ರ ಏನಾಗ್ತದ್ರೀ ಮೇಡಂ?" ಎಂದು ಅದೇ ಹುಡುಗಿ ಕೇಳಿದಳು.

ಬಾಯಿಪಾಠದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮಣ್ಣಿನಲ್ಲಿ ಚೌಕ ಎಳೆಯುತ್ತಿದ್ದ ಕೋಲನ್ನು ಅವಳ ಕೈಗೇ ಕೊಟ್ಟು, "ಬಾ, ಬರದು ನೋಡೋಣು" ಎಂದೆ.