ಎರಡು ಗೇಣಿನ ಕಲ್ಲು

ನುಕುಸ್ ನಗರದ ಅಂಚು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಗೆಂದು ತೋಡಿದ ಪಾಯದ ಗುಂಡಿಯಲ್ಲಿ ಬೈರಿಗೆ ಲಾರಿ ನಿಲ್ಲಿಸಿಕೊಂಡು ಎಂಬೆರ್ಗೆನ್ ಕೊನೆಯ ತೂತು ಕೊರೆಯುತ್ತಿದ್ದಾರೆ. ಎರಡು ಗೇಣು ಕಿರುಗುಟ್ಟಿದ ಬೈರಿಗೆ ಒಮ್ಮೆಗೇ ಸರ್ರನೆ ಇಳಿಯುತ್ತದೆ. ಯಂತ್ರ ನಿಲ್ಲಿಸುತ್ತಾರೆ. ತುದಿಗಂಟಿದ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಉಗಿಯುತ್ತಾರೆ. ಸವಳು.

ಮೇಲೆ ಕಾಂಕ್ರೀಟ್ ಲಾರಿ ಬಂದು ನಿಂತಿದೆ. ಕಟ್ಟಡದ ಎಂಜಿನಿಯರ್ ಬೀಸೆನ್ ಕೂಗುತ್ತಾನೆ: "ಸುರೀಬಹುದಾ, ಆಗಾ?" ಆಗಾ ಎಂದರೆ ಅಲ್ಲಿ ಅಣ್ಣ.

"ಬೇಡ ತಮ್ಮಾ. ಇದು ಕಲ್ಲಲ್ಲ."

"ಅಕ್ಟೋಬರ್‌ನ ಮಣ್ಣಿನ ವರದೀಲಿ ಕಲ್ಲು ಅಂತಿದೆಯಲ್ಲ!"

"ಒಣಗಿದ್ದಾಗ ಬರೆದಿದ್ದು. ಈಗ ಮಾರ್ಚ್. ಹೊಲ ತೊಳೆಯೋಕೆ ಶುರು ಮಾಡಿದಾರೆ."

ಉಪ್ಪು ಇಳಿಯಲೆಂದು ಹೊಲಗಳಿಗೆ ನೀರು ಕಟ್ಟಿದರೆ ಊರಿನಡಿಯ ನೀರೂ ಏರುತ್ತದೆ. ಉಪ್ಪು ಬಿಗಿದು ಕಲ್ಲಾದ ಪದರ ಆಗ ಕರಗತೊಡಗುತ್ತದೆ.

ಎಂಬೆರ್ಗೆನ್‌ಗೆ ಐವತ್ತೆಂಟು. ಕಟ್ಟುವ ಮೊದಲು ನೆಲ ಕೊರೆದು ನೋಡುವ ಈ ಕೆಲಸದಲ್ಲಿ ಮೂವತ್ತೊಂದು ವರ್ಷ, ದಿನಕ್ಕೆ ಎರಡು ಅಥವಾ ಮೂರು ತೂತು. ಯಂತ್ರದ ಸದ್ದಿಗೆ ಎಡಗಿವಿ ಹೋಗಿದೆ. ಎರಡನೆಯ ವರ್ಷ ಒಂದು ಆಸ್ಪತ್ರೆಯ ಜಾಗದಲ್ಲಿ ಅವರೇ ತಪ್ಪಿದ್ದರು. "ಬೈರಿಗೆ ನಿಂತಿತು, ಕಲ್ಲು ಅಂತ ಬರೆದುಬಿಟ್ಟೆ. ಇನ್ನೊಂದು ಗೇಣು ಕೊರೆಯೋಕೆ ಸೋಮಾರಿತನ. ಮೂರನೇ ವಸಂತಕ್ಕೆ ಮಕ್ಕಳ ವಾರ್ಡಿನ ಗೋಡೆ ಕೂತುಹೋಯ್ತು. ಅವತ್ತು ಮಂಚಗಳಿಗೆ ಬಣ್ಣ ಹೊಡೀತಿದ್ರು. ಮಕ್ಕಳು ಹೊರಗಿದ್ರು, ಅಷ್ಟೇ." ಇಂದಿಗೂ ಅವರು ಆ ಬೀದಿಯಲ್ಲಿ ಹೋಗುವುದಿಲ್ಲ.

ಕಾಂಕ್ರೀಟ್ ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹಾಕುತ್ತಾನೆ. "ಬೇಗ ತೀರ್ಮಾನ ಮಾಡ್ರಪ್ಪಾ! ಇನ್ನೊಂದು ಗಂಟೆ ಬಿಟ್ರೆ ಶಾಲೆ ನನ್ನ ಡ್ರಮ್ಮಲ್ಲೇ ಎದ್ದು ನಿಲ್ಲುತ್ತೆ. ಮಕ್ಕಳನ್ನ ಅಲ್ಲಿಗೇ ಕಳಿಸಿ."

ಬೀಸೆನ್ ನಗುವುದಿಲ್ಲ. "ನೀವು ಹೇಳಿದ್ದು ಸುಳ್ಳಾದ್ರೆ ನನ್ನ ಕೆಲಸ ಹೋಗುತ್ತೆ. ನೀವೂ ಲಾರಿ ಕೀ ಕೊಟ್ಟು ಮನೆಗೆ ಹೋಗ್ಬೇಕಾಗುತ್ತೆ."

"ಕೊಡ್ತೀನಿ. ಮುಕ್ಕಾಲು ಗಂಟೆ ಕೊಡು."

ಎಂಬೆರ್ಗೆನ್ ತಮ್ಮ ಬೈರಿಗೆ ಲಾರಿಯ ಟ್ಯಾಂಕಿನ ನೀರನ್ನೆಲ್ಲ ಗುಂಡಿಯ ಒಂದು ಮೂಲೆಗೆ ಬಿಡುತ್ತಾರೆ. ನೆಲ ಸದ್ದಿಲ್ಲದೆ ಕುಡಿಯುತ್ತದೆ. ಅರ್ಧ ಗಂಟೆಯ ಮೇಲೆ, ಲಾರಿಯನ್ನು ಎತ್ತಿ ಹಿಡಿಯುವ ಕಬ್ಬಿಣದ ಕಾಲನ್ನು ಆ ಒದ್ದೆಯ ಮೇಲೆ ಊರಿ, ತಾವೂ ಸೀಟಿಗೆ ಹತ್ತುತ್ತಾರೆ.

"ಆಗಾ, ಇಳೀರಿ! ಮಗುಚಿದ್ರೆ?"

"ನನ್ನ ತೂಕಾನೂ ಇರ್ಲಿ ಬಿಡು."

ಐದು ನಿಮಿಷ. ಕಾಲು ಕದಲುವುದಿಲ್ಲ. ಬೀಸೆನ್‌ನ ಫೋನು ಬಡಿದುಕೊಳ್ಳುತ್ತದೆ, ಅವನು ಎತ್ತುವುದಿಲ್ಲ. ಹತ್ತು ನಿಮಿಷ. ಎಂಬೆರ್ಗೆನ್ ಕೀಯನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದಾರೆ. ಡ್ರೈವರ್ ಕೂಡ ಈಗ ಇಳಿದು ಗುಂಡಿಯ ಅಂಚಿಗೆ ಬಂದಿದ್ದಾನೆ.

ಹಪ್ಪಳ ಮುರಿದಂಥ ಸದ್ದು. ಕಬ್ಬಿಣದ ಕಾಲು ಮೊಣಕಾಲುದ್ದ ಹೂತುಹೋಗುತ್ತದೆ. ಲಾರಿ ಪಕ್ಕಕ್ಕೆ ವಾಲಿ ನಿಲ್ಲುತ್ತದೆ.

ಬೀಸೆನ್ ಜಾರಿಕೊಂಡೇ ಗುಂಡಿಗಿಳಿದು ಅವರ ತೋಳು ಹಿಡಿದು ಹೊರಗೆಳೆಯುತ್ತಾನೆ. ಆಮೇಲೆ ಫೋನು ಎತ್ತುತ್ತಾನೆ. "ಇಲ್ಲ, ಸುರಿಯಲ್ಲ. ವಾಪಸ್ ಕಳಿಸ್ತಿದೀನಿ. ಹೌದು, ನಾನೇ ಹೇಳ್ತಿದೀನಿ. ಇನ್ನೂ ಆಳಕ್ಕೆ ಹೋಗಬೇಕು."

ಬಿಸಿಲು ಗುಂಡಿಗಿಳಿದಾಗ ಇಬ್ಬರೂ ಹಾಲಿನ ಚಹಾದಲ್ಲಿ ಜೋಳದ ರೊಟ್ಟಿ ಅದ್ದಿ ತಿನ್ನುತ್ತಿದ್ದಾರೆ. ಇನ್ನೇನು ಆಸೆ ಉಳಿದಿದೆ ಎಂದು ಬೀಸೆನ್ ಕೇಳಿದರೆ ಎಂಬೆರ್ಗೆನ್ ಕೊನೆಯ ಗುಟುಕು ಚಹಾ ಕುಡಿದು ಹೇಳುತ್ತಾರೆ:

"ಇಲ್ಲಿ ಓದೋ ಮಕ್ಕಳಿಗೆ ಕೆಳಗೇನಿದೆ ಅಂತ ಕೇಳೋ ಸಂದರ್ಭ ಯಾವತ್ತೂ ಬರಬಾರದು. ಅಷ್ಟು ಸಾಕು."